ಎತ್ತು ಉಳಿಸಿದವನ ಕಲ್ಲು

ಬಾಳವ್ವ ಬದುಕಿದ್ದರೆ ನಾನು ಇದನ್ನು ಹೇಳುತ್ತಿರಲಿಲ್ಲ. ಈಗಲಾದರೂ ಹೇಳಬಹುದೋ ಇಲ್ಲವೋ ತಿಳಿಯದು; ತಪ್ಪಾಗಿದ್ದರೆ ಕ್ಷಮಿಸಿ.

ಆ ವರ್ಷ ಸುಂಟರಗಾಳಿ ನಮ್ಮೂರಿನ ಮೂವತ್ತು ಮನೆಗಳನ್ನು ಕೆಡವಿತು. ಬಾಳವ್ವನ ಗಂಡ ಗುರಸಿದ್ದಪ್ಪ ಎತ್ತು ಬಿಚ್ಚಲೆಂದು ಕೊಟ್ಟಿಗೆಗೆ ಓಡಿ ಗೋಡೆಯಡಿ ಸಿಕ್ಕು ಸತ್ತ. ಎರಡೂ ಎತ್ತು ಮರುದಿನ ಹೊಲದಲ್ಲಿ ಮೇಯುತ್ತಿದ್ದವು. ಅವೇ ಎತ್ತುಗಳಿಂದ ಕಲ್ಲುಮಣ್ಣು ಹೇರಿಸಿ ಊರವರು ಮತ್ತೆ ಮನೆ ಕಟ್ಟಿಕೊಂಡರು. ಹೊಸ ಕೊಟ್ಟಿಗೆಯ ಮುಂದೆ ಅವನ ಹೆಸರಿನ ಕಲ್ಲು ನಿಲ್ಲಿಸುವುದೆಂದಾಯಿತು.

"ಎತ್ತು ಬಿಚ್ಚಿ ಜೀವ ಕೊಟ್ಟವ ಅಂತ ಬರಕೊಡು. ನಿನ್ನ ಕಾಗಿಕಾಲು ಗುಬ್ಬಿಕಾಲು ಬ್ಯಾಡ, ಚಂದಗೆ ಬರಿ," ಎಂದರು ಹಿರಿಯರು, ಊರವರ ಕಾಗದಪತ್ರ ಬರೆದುಕೊಡುತ್ತಿದ್ದ ನನಗೆ.

ಕಲ್ಲಿನಲ್ಲಿ ಕೊರೆದ ತಪ್ಪನ್ನು ಅಳಿಸಲಾಗದು. ಅದಕ್ಕೇ ಮೊದಲು ಚೀಟಿಯಲ್ಲಿ ಬರೆದು, ಅದನ್ನು ಬಾಳವ್ವನಿಗೆ ಓದಿ ಹೇಳಲು ಹೋದೆ.

"ಸರಿ ಐತೇನವ್ವಾ?"

"ಇನ್ನೊಮ್ಮೆ ಓದು."

ಓದಿದೆ.

"ಹೇಣ್ತಿಗಿಂತ ಎತ್ತಿನ ಮ್ಯಾಲೇ ಜೀವ ಇತ್ತು ನೋಡು ಅವರಿಗೆ," ಎಂದು ನಕ್ಕವಳು ಹಾಗೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬ್ಯಾಡ ಅಂದ್ರ ಬ್ಯಾರೆ ಬರೀತೀನಿ, ಅವ್ವಾ."

"ಹಂಗೇ ಇರಲಿ. ಅವರ ಹೆಸರು ಉಳೀಲಿ."

"ಮತ್ತ ಯಾಕ ಅಳ್ತಿ?"

"ಮೋಡ ಕಪ್ಪಾದಾಗನ ಎತ್ತು ನಾನ ಬಿಚ್ಚಿ ಹೊರಗ ಬಿಟ್ಟಿದ್ನಿ, ತಮ್ಮಾ. ಮುಂಜಾನೆ ಜಗಳಾಡಿ ಮಾತು ಬಿಟ್ಟಿದ್ನಿ ನೋಡು, ಅವರಿಗೆ ಹೇಳಲಿಲ್ಲ."

ಕಲ್ಲಿನ ಮೇಲೆ ಹಿರಿಯರ ಮಾತೇ ಇದೆ. ಖಾಲಿ ಕೊಟ್ಟಿಗೆ ಕಂಡಾಗ ಅವನು ಏನೆಂದುಕೊಂಡನೋ, ನನಗೆ ಗೊತ್ತಿಲ್ಲ.