ಸುತ್ತಿಗೆ ಮುಟ್ಟದ ಶುಕ್ರವಾರ

ನಿನ್ನೆ ಕೊಳ್ಳೇಗಾಲದಲ್ಲಿ ಅಪ್ಪನ ಸಮಾಧಿಯ ಹಸಿ ಸಿಮೆಂಟಿಗೆ ನೀರು ಹಾಕುವಾಗ ಎದ್ದ ವಾಸನೆಗೆ ಯಳಂದೂರಿನ ಒಂದು ಮಧ್ಯಾಹ್ನ ನೆನಪಾಯಿತು.

ಅಂದು ಶುಭ ಶುಕ್ರವಾರ. ನನಗೆ ಒಂಬತ್ತು ವರ್ಷ. ಯೇಸುವಿನ ಕೈಗೆ ಮೊಳೆ ಹೊಡೆದ ದಿನವೆಂದು ಮೇಸ್ತ್ರಿಯಾಗಿದ್ದ ಅಪ್ಪ ಅವತ್ತು ಸುತ್ತಿಗೆ ಮುಟ್ಟುತ್ತಿರಲಿಲ್ಲ. ಆದರೆ ಹೊಸ ಗೋಡೆಗೆ ನೀರು ತಪ್ಪಿಸುವಂತಿರಲಿಲ್ಲ. ಚರ್ಚಿಗೆ ಹೋಗುವ ಮುಂಚೆ ನೀರು ಹೊಡೆದು ಬರೋಣವೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು.

ಮನೆ ಕಟ್ಟಿಸುತ್ತಿದ್ದ ಯಜಮಾನರು ಬಂದರು.

"ಬಂದೇ ಬಂದಿದ್ದೀಯಲ್ಲ ಮೇಸ್ತ್ರಿ, ಸೆಂಟ್ರಿಂಗ್ ಹಲಗೆಗೆ ಮೊಳೆ ಒಡ್ದುಬುಡು. ನಾಳೆ ತಾರಸಿ ಮೋಲ್ಡು."

"ಇವತ್ತು ಒಡಿಯಲ್ಲ ಸಾ. ನಾಳೆ ಬೆಳಿಗ್ಗೆ ಐದಕ್ಕೇ ಬತ್ತೀನಿ."

"ನಿಮ್ ಸ್ವಾಮಿ ಸತ್ರೆ ನನ್ ಮನೆ ನಿಲ್ಬೇಕೇನ್ಲಾ? ಒಡಿ. ಇಲ್ದಿದ್ರೆ ನಾಳೆಯಿಂದ ಬರ್ಬ್ಯಾಡ."

ನಾನು ಅಪ್ಪನ ಪಂಚೆ ಹಿಡಿದುಕೊಂಡೆ. ಆ ಮನೆ ಬಿಟ್ಟರೆ ಅಪ್ಪನಿಗೆ ಬೇರೆ ಕೆಲಸವಿರಲಿಲ್ಲ, ಮನೆಯಲ್ಲಿ ನಾವು ಐದು ಜನ.

"ಸರಿ ಸಾ, ಬರಲ್ಲ," ಎಂದು ಅಪ್ಪ ಮತ್ತೆ ಪೈಪು ಹಿಡಿದರು.

ಯಜಮಾನರು ಹೋಗಿ ಮೋಟಾರ್ ಆಫ್ ಮಾಡಿದರು. ಇನ್ನೂ ಒಂದು ಗೋಡೆ ಒಣಗಿತ್ತು. ಅಪ್ಪ ಬಕೆಟ್ ತೆಗೆದುಕೊಂಡು ತೊಟ್ಟಿಯಿಂದ ನೀರು ಮೊಗೆದರು.

"ಕೆಲ್ಸ ಬುಟ್ಮೇಲೆ ಗೋಡೆ ನಿಂಗ್ಯಾಕ್ಲಾ?"

"ಕಟ್ಟಿದೋನು ನಾನು ಸಾ."

ಅಪ್ಪ ಮೂಲೆ ಮೂಲೆಗೂ ನೀರು ಎರಚಿದರು. ಗೋಡೆ ಪೂರ್ತಿ ನೆನೆದು ಕಪ್ಪಾಗುವವರೆಗೂ ಯಜಮಾನರು ಅಲ್ಲೇ ನಿಂತಿದ್ದರು. ಬಕೆಟ್ ಕಿತ್ತುಕೊಳ್ಳಲು ಅವರ ಕೈ ಮುಂದೆ ಬರಲಿಲ್ಲ.