ಎಷ್ಟಾದರೂ ಆಗಲಿ ಎಂದವಳು

"ಮುಂದಿನ ತಿಂಗಳಿಂದ ಹದಿನಾಲ್ಕು ಸಾವಿರ. ಆಗಲ್ಲ ಅಂದ್ರೆ ತಿಂಗಳ ಕೊನೆಗೆ ಬೀಗದಕೈ ಕೊಟ್ಬಿಡಿ ನಂದನ್. ಬೇಜಾರು ಮಾಡ್ಕೋಬೇಡಿ."

ಮನೆ ಮಾಲೀಕ ಚಂದ್ರಶೇಖರಪ್ಪ ಇಷ್ಟು ಹೇಳಿ ಮೊಬೈಲ್ ತೆರೆದು ತೋರಿಸಿದರು. ಚಿಕ್ಕಮಗಳೂರಿನ ಬಡಾವಣೆವಾರು ಬಾಡಿಗೆ ಪಟ್ಟಿ. ಕೋಟೆ ಹದಿಮೂರು, ಜಯನಗರ ಹದಿನೈದು, ವಿಜಯಪುರ ಹದಿನಾರು. ಪ್ರತಿ ಹೆಸರಿನ ಪಕ್ಕದಲ್ಲೂ ಮೇಲಕ್ಕೆ ಮುಖ ಮಾಡಿದ ಹಸಿರು ಬಾಣ.

"ನಾನು ಹೇಳ್ತಿರೋದಲ್ಲ ಮಾರಾಯ್ರೇ, ನೆಟ್ಟಲ್ಲೇ ಇದೆ."

ನಂದನ್ ಹೆಂಡತಿಯ ಮುಖ ನೋಡಿದ. ದೀಪಶ್ರೀ ನೆಲ ನೋಡಿದಳು. ಆ ಪಟ್ಟಿ ತಯಾರಿಸುವವಳು ಅವಳೇ. ಬೆಂಗಳೂರಿನ ಒಂದು ಕಂಪನಿಗಾಗಿ ಮನೆಯಲ್ಲೇ ಕೂತು ಆರು ಊರುಗಳ ಬಾಡಿಗೆ ಲೆಕ್ಕ ತುಂಬುವುದು ಅವಳ ಕೆಲಸ. ಅವಳ ಊರೂ ಆ ಪಟ್ಟಿಗೆ ಸೇರಿ ಐದು ತಿಂಗಳಾಗಿತ್ತು. ತಾನೇ ತುಂಬಿದ ಅಂಕಿ ತನ್ನ ಬಾಗಿಲಿಗೇ ಬಂದು ನಿಂತರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಊರು ಬಿಡುವಂತಿರಲಿಲ್ಲ. ನಂದನ್‌ನ ತಾಯಿ ರಂಗಮ್ಮನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಸಂಸೆಯಲ್ಲಿ ಸ್ವಂತ ಮನೆಯೇನೋ ಇದೆ. ಆದರೆ ಅಲ್ಲಿಂದ ಆಸ್ಪತ್ರೆಗೆ ಮೂರು ಗಂಟೆಗೂ ಮೀರಿದ ತಿರುವುಗಳ ದಾರಿ. ಒಮ್ಮೆ ಹೋಗಿಬಂದದ್ದಕ್ಕೇ ಅವರು ಎರಡು ದಿನ ಹಾಸಿಗೆಯಿಂದ ಎದ್ದಿರಲಿಲ್ಲ. ಕಾಫಿಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ನಂದನ್‌ಗೆ ಬರುವ ಸಂಬಳ, ದೀಪಶ್ರೀಯ ಸಂಬಳ ಎರಡನ್ನೂ ಕೂಡಿಸಿ ಔಷಧಿ ಕಳೆದರೆ, ಬಾಡಿಗೆಗೆ ಹತ್ತು ಸಾವಿರದ ಮೇಲೆ ಒಂದು ಪೈಸೆ ಹುಟ್ಟುತ್ತಿರಲಿಲ್ಲ.

ಭಾನುವಾರ ಇಬ್ಬರೂ ಸ್ಕೂಟರ್ ಹತ್ತಿದರು. ಎಲ್ಲಿ ಯಾವ ಮನೆ ಖಾಲಿ ಇದೆಯೆಂದು ದೀಪಶ್ರೀಗೆ ಬಾಯಿಪಾಠ. ಮಾತಾಡುವುದು ಮಾತ್ರ ನಂದನ್‌ನ ಪಾಲಿಗೆ ಬಂತು. ವಾರವಿಡೀ ಕೆಲಸದ ಫೋನಿನಲ್ಲಿ ಮಾತಾಡಿ ಅವಳ ದನಿ ಬಿದ್ದುಹೋಗಿತ್ತು.

ರಾಮನಹಳ್ಳಿಯ ಗುರುವಯ್ಯ ಗೇಟನ್ನೇ ಪೂರ್ತಿ ತೆರೆಯಲಿಲ್ಲ. "ಬೆಂಗಳೂರಿಂದ ಒಬ್ಳು ಕೇಳ್ತಿದಾಳೆ. ಹದಿಮೂರು ಅಂದ್ರೂ ಆಗ್ಲಿ ಅಂದಿದಾಳೆ. ನೀವು ಹತ್ತು ಅಂತೀರಲ್ಲ!"

ಕಲ್ಯಾಣನಗರದಲ್ಲೂ ಬೆಂಗಳೂರಿನವಳು. ಕೋಟೆಯಲ್ಲೂ ಅವಳೇ. ನಂದನ್‌ಗೆ ರೇಗಿತು. "ಒಬ್ಳಿಗೆ ಎಷ್ಟು ಮನೆ ಬೇಕು ಮಾರಾಯ್ತಿ? ಹೋಂಸ್ಟೇ ಮಾಡೋಳೇ ಇರ್ಬೇಕು. ದುಡ್ಡಿನ ಮದ!"

"ಮುಂದೆ ಎಡಕ್ಕೆ," ಎಂದಳು ದೀಪಶ್ರೀ.

ಕೊನೆಗೆ ಉಪ್ಪಳ್ಳಿ. ವಿಶಾಲಾಕ್ಷಮ್ಮ ಒಳಗೆ ಕರೆದು ಕಾಫಿ ಕೊಟ್ಟರು. ಪಕ್ಕದ ಮನೆ ಖಾಲಿ ಬಿದ್ದು ಐದು ತಿಂಗಳು. ಎರಡು ಕೋಣೆ, ಮೆಟ್ಟಿಲಿಲ್ಲ, ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. ರಂಗಮ್ಮನಿಗೆಂದೇ ಕಟ್ಟಿಸಿದ ಹಾಗಿತ್ತು.

"ಮೊದ್ಲು ಎಂಟು ಹೇಳಿದ್ದೆ ಕಣಪ್ಪ," ಎಂದರು ಆಕೆ. "ಒಂದು ಹುಡುಗಿ ಫೋನ್ ಮಾಡಿ ಆಗ್ಲಿ ಅಂದ್ಲು. ಬರ್ಲಿಲ್ಲ. ಮುಂದಿನ ತಿಂಗ್ಳು ಮತ್ತೆ ಕೇಳಿದ್ಲು. ಮಗ ಹತ್ತು ಹೇಳು ಅಂದ, ಹೇಳ್ದೆ. ಅದಕ್ಕೂ ಆಗ್ಲಿ ಅಂದ್ಲು. ಈಗ ಹನ್ನೆರಡಕ್ಕೂ ಒಪ್ಪಿದಾಳೆ. ಕೃತಿಕಾ ಅಂತ. ಒಳ್ಳೆ ಮಾತು, ಪಾಪ. ಮಾತು ಕೊಟ್ಟು ಹೆಂಗಪ್ಪಾ ತಪ್ಪೋದು?"

"ನಮ್ಮ ಅಮ್ಮಂಗೆ ಹುಷಾರಿಲ್ಲ," ಎಂದ ನಂದನ್.

ವಿಶಾಲಾಕ್ಷಮ್ಮನ ಮುಖ ಕರಗಿತು. "ನಾಳೆ ಅವಳ ಫೋನ್ ಬರೋ ದಿನ. ಕೇಳ್ತೀನಿ. ಅವಳು ಬೇಡ ಅಂದ್ರೆ ನಿಮ್ಗೇ, ಹತ್ತಕ್ಕೇ. ಮಗನಿಗೆ ನಾನು ಹೇಳ್ಕೋತೀನಿ."

ವಾಪಸು ಬರುವಾಗ ನಂದನ್ ದಾರಿಯುದ್ದಕ್ಕೂ ಮಾತಾಡಿದ. "ಆ ಕೃತಿಕಾ ಸಿಕ್ಕಿದ್ರೆ ಕಾಲಿಗೆ ಬೀಳ್ತಿದ್ದೆ. ಒಂದೇ ಒಂದು ಮಾತು, ಬೇಡ ಅಂತ. ಅಷ್ಟೇ ಸಾಕು ನಮ್ಗೆ. ಅವಳಿಗೆ ಗೊತ್ತಾಗೋದಾದ್ರೂ ಹೆಂಗೆ, ಅಲ್ವಾ?"

"ಹೂಂ," ಎಂದಳು ದೀಪಶ್ರೀ.

ಮನೆ ಸೇರಿದ ಕೂಡಲೇ ಅವಳು ಕಂಪನಿಯ ಮೇಲಧಿಕಾರಿ ಮೋಹಿತ್‌ಗೆ ಫೋನ್ ಮಾಡಿದಳು. ಈ ತಿಂಗಳು ಚಿಕ್ಕಮಗಳೂರನ್ನು ಪಟ್ಟಿಯಿಂದ ಬಿಡಬಹುದೇ ಎಂದು ಕೇಳಿದಳು.

ಮೋಹಿತ್ ನಕ್ಕ. "ಚೆನ್ನಾಗಿ ಏರ್ತಾ ಇರೋದೇ ಅದೊಂದು ಊರು ರೀ. ಫೋನಲ್ಲಿ ಹೇಳೋಕೆ ಏನು ಬರೆದುಕೊಟ್ಟಿದಾರೋ ಅದನ್ನೇ ಹೇಳಿ. ಎಲ್ಲಾ ರೆಕಾರ್ಡ್ ಆಗುತ್ತೆ, ಒಂದಕ್ಷರ ಆಚೀಚೆ ಆದ್ರೂ ಮೇಲಿನವರಿಗೆ ಗೊತ್ತಾಗುತ್ತೆ. ನಿಮ್ಮ ಜೊತೆಗಿದ್ದ ಭುವನಾ ಕೆಲಸ ಯಾಕೆ ಹೋಯ್ತು, ನೆನಪಿದೆ ತಾನೆ?"

ನೆನಪಿತ್ತು. ರಂಗಮ್ಮನ ಇಂಜೆಕ್ಷನ್‌ಗೆ ಹೋಗುತ್ತಿದ್ದುದು ದೀಪಶ್ರೀಯ ಸಂಬಳವೇ. ಅದು ನಿಂತರೆ ಹತ್ತು ಸಾವಿರದ ಮನೆಯೂ ಇಲ್ಲ, ಐದು ಸಾವಿರದ್ದೂ ಇಲ್ಲ. ಅವಳು ಫೋನ್ ಇಟ್ಟು ಅತ್ತೆಗೆ ಗಂಜಿ ಕೊಡಲು ಹೋದಳು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಉಪ್ಪಳ್ಳಿಯಲ್ಲಿ ಫೋನ್ ಹೊಡೆದುಕೊಂಡಿತು. ಕೃತಿಕಾ. ಎಂದಿನ ಬೆಂಗಳೂರಿನ ನಂಬರು, ಮನೆ ಇನ್ನೂ ಖಾಲಿ ಇದೆಯಾ ಎಂಬ ಎಂದಿನ ಪ್ರಶ್ನೆ.

"ಇದೆ ಕಣಮ್ಮ," ಎಂದರು ವಿಶಾಲಾಕ್ಷಮ್ಮ. "ಮಗ ಈಗ ಹದಿಮೂರು ಅಂತ ಕೂತಿದಾನೆ. ನಿಂಗೆ ಬೇಡ ಅಂದ್ರೆ ಈಗ್ಲೇ ಹೇಳಿಬಿಡು, ಬೇಜಾರಿಲ್ಲ. ನಿನ್ನೆ ಒಬ್ರು ಬಂದಿದ್ರು, ಪಾಪ, ಕಾಯಿಲೆ ಮನುಷ್ಯರು ಮನೇಲಿದಾರೆ. ಅವರಿಗೆ ಕೊಟ್ಬಿಡ್ತೀನಿ. ಬೇಕೋ, ಬೇಡ್ವೋ?"

ಲೈನು ಕಟ್ಟಾಯಿತೇನೋ ಎಂದು ವಿಶಾಲಾಕ್ಷಮ್ಮ ಎರಡು ಸಲ ಹಲೋ ಎಂದರು.

"ಬೇಕು ಅಮ್ಮ," ಎಂದಿತು ಧ್ವನಿ ಕೊನೆಗೆ. "ಎಷ್ಟಾದರೂ ಆಗಲಿ."

ಕರೆ ಮುಗಿಸಿ, ಹೆಡ್‌ಫೋನ್ ಕಳಚಿ, ಪಟ್ಟಿಯಲ್ಲಿ ಉಪ್ಪಳ್ಳಿಯ ಮುಂದಿದ್ದ ಹನ್ನೆರಡನ್ನು ಅಳಿಸಿ ಹದಿಮೂರು ಎಂದು ತುಂಬಿದಳು ದೀಪಶ್ರೀ.