ಅತ್ತೆಯ ಬೆಳಕಿನ ಗುಂಡು

ಟಿವಿ ಪರದೆಯಲ್ಲಿ ಸೊಸೆಯ ವಿಮಾನದ ಬಾಲಕ್ಕೆ ಶತ್ರು ಅಂಟಿಕೊಂಡಿದ್ದ. ಎಡ ರೆಕ್ಕೆ ಆಗಲೇ ತೂತಾಗಿತ್ತು. ಇನ್ನೊಂದು ಏಟು ಬಿದ್ದರೆ ಅವಳ ಆಟ ಮುಗಿದಂತೆ. "ಅತ್ತೆ, ಹೊಡೀರಿ!" ಎಂದು ಸೋಫಾದಲ್ಲಿ ಪಕ್ಕದಲ್ಲೇ ಕೂತಿದ್ದ ಅತ್ತೆಯ ಮೊಣಕೈ ತಿವಿದಳು.

ಶತ್ರುವಿನ ಹಿಂದೆ ತಮ್ಮ ವಿಮಾನ ಹಾರಿಸುತ್ತಿದ್ದ ಅತ್ತೆ ಕಂಟ್ರೋಲರಿನ ಗುಂಡಿ ಒತ್ತಿದರು. ಆಕಾಶದ ತುಂಬ ಕೆಂಪು ಕಿಡಿಗಳ ಸಾಲು ಹರಿಯಿತು, ಒಂದೂ ತಗಲಲಿಲ್ಲ. ಸೊಸೆಗೆ ಮೈಯೆಲ್ಲ ಉರಿಯಿತು. ಆಟಕ್ಕೆ ಮೊದಲು ಅತ್ತೆಯ ಫಿರಂಗಿಗೆ ಅವಳೇ ಸಿಡಿಯುವ ಗುಂಡು ತುಂಬಿದ್ದಳು. ಒಂದು ತಗಲಿದರೂ ರೆಕ್ಕೆ ಕಿತ್ತು ಬರುವಂಥದ್ದು. "ಮತ್ತೆ ಬೆಳಕಿನ ಗುಂಡು ಹಾಕ್ಕೊಂಡ್ರಾ? ಅದರಿಂದ ಒಂದು ಗೀರೂ ಬೀಳಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ಸುಮ್ನಿರೇ, ಅಲ್ಲಿ ನೋಡು." ಮೂಗಿನ ಮುಂದೆಯೇ ಹಾದ ಕಿಡಿ ಕಂಡು ಗಾಬರಿಯಾದ ಶತ್ರು, ಸೊಸೆಯನ್ನು ಬಿಟ್ಟು ಮೋಡದೊಳಗೆ ಪರಾರಿಯಾಗಿದ್ದ. "ಜೀವಮಾನವೆಲ್ಲ ಬಸ್ ಓಡಿಸಿದೀನಿ, ಒಬ್ರಿಗೂ ಗುದ್ದಿಲ್ಲ ಕಣೇ. ಹಿಂದಿನಿಂದ ಲೈಟ್ ಹೊಡೆದ್ರೆ ಎಂಥವನೂ ಪಕ್ಕಕ್ಕೆ ಹೋಗ್ತಾನೆ. ಗುರಿ ಇಟ್ಟು ಹೊಡೆಯೋದು ನನ್ನಿಂದಾಗಲ್ಲ. ಅವನು ಬೀಳದಿದ್ರೆ ಬಿಡು, ನೀನು ಉಳಿದ್ರೆ ಸಾಕು ನಂಗೆ."

ಮುಂದಿನ ಸುತ್ತಿಗೆ ಗುಂಡು ಆರಿಸುವ ಹೊತ್ತು ಬಂತು. ಅತ್ತೆ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಮೆಲ್ಲಗೆ, "ಆಯ್ತಮ್ಮ, ಸಿಡಿಯೋದನ್ನೇ ಹಾಕ್ಕೊಡು," ಎಂದರು. ಸೊಸೆ ಅವರ ಫಿರಂಗಿಯ ತುಂಬ ಬೆಳಕಿನ ಗುಂಡನ್ನೇ ತುಂಬಿ ಕಂಟ್ರೋಲರನ್ನು ಕೈಗಿತ್ತಳು.

"ನಾನು ಮುಂದೆ ಹೋಗ್ತೀನಿ ಅತ್ತೆ. ನೀವು ಲೈಟ್ ಹಾಕ್ಕೊಂಡು ನನ್ನ ಹಿಂದೇನೇ ಬನ್ನಿ."